ಹೆಸರು ಹೇಳಿ ಮುರಿದವರು



ಸವಿನಯ ಕಾನೂನುಭಂಗದ ಮಾತು ಬಂದಾಗ ನಾವು ಸಾಮಾನ್ಯವಾಗಿ ದಂಡಿಯಿಂದ ಶುರುಮಾಡುತ್ತೇವೆ. ನಾನು ಶಿವಪುರದಿಂದ ಶುರುಮಾಡುತ್ತೇನೆ. 1938ರ ಏಪ್ರಿಲ್ 11ರಿಂದ 13ರವರೆಗೆ ಮದ್ದೂರಿನ ಪಕ್ಕದ ಈ ಹಳ್ಳಿಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ಕಾಂಗ್ರೆಸ್ಸಿನ ಬಾವುಟ ಹಾರಿಸಕೂಡದೆಂದು ಜಿಲ್ಲಾ ಮ್ಯಾಜಿಸ್ಟ್ರೇಟರ ಆಜ್ಞೆ ಮೊದಲೇ ಹೊರಬಿದ್ದಿತ್ತು. ಹಾರಿಸಿಯೇ ಹಾರಿಸುತ್ತೇವೆಂದು ಕಾಂಗ್ರೆಸ್ಸಿನವರೂ ಮೊದಲೇ ಸಾರಿದ್ದರು. ಯಾವ ದಿನ, ಯಾವ ಹೊಲದಲ್ಲಿ, ಯಾರ ಅಧ್ಯಕ್ಷತೆಯಲ್ಲಿ ಎಂಬುದು ದಿವಾನರಿಗೂ ಗೊತ್ತಿತ್ತು, ಗಾಡಿ ಕಟ್ಟಿಕೊಂಡು ಹೊರಟ ಮಂಡ್ಯ ಸೀಮೆಯ ರೈತನಿಗೂ ಗೊತ್ತಿತ್ತು. ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಎಲ್ಲರ ಕಣ್ಣೆದುರಿಗೆ ಬಾವುಟದ ಕಂಬದ ಬಳಿಗೆ ಬಂದರು, ಬಂಧನಕ್ಕೊಳಗಾದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಯಾರೂ ಓಡಲಿಲ್ಲ, ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ.

ಶಿವಪುರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಬಹಿರಂಗ. ಕಳ್ಳನೂ ಕಾನೂನು ಮುರಿಯುತ್ತಾನೆ, ಸತ್ಯಾಗ್ರಹಿಯೂ ಮುರಿಯುತ್ತಾನೆ. ಸತ್ಯಾಗ್ರಹಿ ತಾನು ಮಾಡಲಿರುವುದನ್ನು ಮುಂಚಿತವಾಗಿ ತಿಳಿಸುತ್ತಾನೆ, ತನ್ನ ಹೆಸರು ಹೇಳುತ್ತಾನೆ, ಏಕೆ ಮುರಿಯುತ್ತಿದ್ದೇನೆಂದು ಕಾರಣ ಕೊಡುತ್ತಾನೆ, ಆಮೇಲೆ ಶಿಕ್ಷೆಗೆ ಕೈ ಒಡ್ಡುತ್ತಾನೆ. ಇಷ್ಟನ್ನೂ ಅವನು ಕೊಟ್ಟಮೇಲೆ ಸರ್ಕಾರ ಅವನಿಗೆ ಅಷ್ಟನ್ನಾದರೂ ತಿರುಗಿಸಿ ಕೊಡಬೇಕು ಎಂಬುದು ನನ್ನ ವಾದ. ಆಜ್ಞೆ ಹೊರಡಿಸಿದವರ ಹೆಸರು, ಆಜ್ಞೆಗೆ ಬರಹದಲ್ಲಿ ಕಾರಣ, ಲಾಠಿ ಎತ್ತಿದವರ ಗುರುತು, ಬಂಧಿಸಿದ ಹೊತ್ತಿನ ದಾಖಲೆ, ತಪ್ಪಾಗಿದ್ದರೆ ಅದರ ಹೊಣೆ. ಪೊಲೀಸರ ಉತ್ತರದಾಯಿತ್ವವನ್ನು ಆಡಳಿತ ಸುಧಾರಣೆಯ ಒಂದು ಕಲಾಪವೆಂದು ನೋಡುವವರಿದ್ದಾರೆ. ಅದು ಸತ್ಯಾಗ್ರಹಿಗೆ ಸರ್ಕಾರ ಕೊಡಬೇಕಾದ ಜವಾಬು ಎಂದು ನಾನು ತಿಳಿದಿದ್ದೇನೆ. ನಮ್ಮ ನಾಡಿನ ಚರಿತ್ರೆಯಲ್ಲಿ ಜನ ತಮ್ಮ ಪಾಲಿನ ಬಹಿರಂಗವನ್ನು ಹೆಚ್ಚುಕಡಿಮೆ ಸಲ್ಲಿಸಿದ್ದಾರೆ. ಸರ್ಕಾರಗಳು, ಅರಸರದಾಗಲಿ ಜನರೇ ಆರಿಸಿದ್ದಾಗಲಿ, ತಮ್ಮ ಪಾಲನ್ನು ಉಳಿಸಿಕೊಂಡೇ ಬಂದಿವೆ.

ಶಿವಪುರ ಮುಗಿದು ಎರಡು ವಾರವೂ ಆಗಿರಲಿಲ್ಲ, ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಗೌರಿಬಿದನೂರು ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ, ವಿದುರ ನೆಟ್ಟನೆಂದು ಜನ ನಂಬುವ ಅಶ್ವತ್ಥಮರದ ಕ್ಷೇತ್ರ ಅದು. ಆಗ ಕೋಲಾರ ಜಿಲ್ಲೆಗೆ ಸೇರಿತ್ತು, ಈಗ ಚಿಕ್ಕಬಳ್ಳಾಪುರಕ್ಕೆ. ಗಡಿಯಾಚೆಯ ಹಿಂದೂಪುರದ ಕಡೆಯಿಂದಲೂ ಜನ ಬರುವ ಜಾತ್ರೆಯ ಕಾಲ. 1938ರ ಏಪ್ರಿಲ್ 25ರಂದು, ನಿಷೇಧಾಜ್ಞೆ ಇದ್ದಾಗಲೇ, ದೇವಸ್ಥಾನದ ಹತ್ತಿರದ ತೋಪಿನಲ್ಲಿ ಜನ ಸೇರಿದರು. ಅಲ್ಲಿ ಸೇರಿದ್ದವರಲ್ಲಿ ಬಾವುಟಕ್ಕೆಂದು ಬಂದವರು ಎಷ್ಟು ಮಂದಿ, ಹರಕೆ ತೀರಿಸಲು ಬಂದು ಸಭೆಯನ್ನು ಕಂಡು ನಿಂತವರು ಎಷ್ಟು ಮಂದಿ ಎಂದು ಬೇರೆ ಮಾಡಿ ಹೇಳಲಾಗದು. ಜಾತ್ರೆಯೆಂದರೆ ಹಾಗೆಯೇ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಬಳೆ ಕೊಳ್ಳಲು ಬಂದವರು ಎಲ್ಲರೂ ಒಂದೇ ಗುಂಪು. ಲಾಠಿ ಬೀಸಿದರು, ಆಮೇಲೆ ಗುಂಡು ಹಾರಿಸಿದರು.

ಸತ್ತವರು ಎಷ್ಟು? ಸರ್ಕಾರದ ಲೆಕ್ಕ 10. ಕಾಂಗ್ರೆಸ್ಸಿನವರ ಮತ್ತು ಊರವರ ಲೆಕ್ಕ 30 ದಾಟುತ್ತದೆ. ಎಂಟು ದಶಕಕ್ಕೂ ಹೆಚ್ಚು ಕಾಲ ಕಳೆದರೂ ಈ ಎರಡು ಸಂಖ್ಯೆಗಳು ಪಕ್ಕಪಕ್ಕದಲ್ಲೇ ನಿಂತಿವೆ. ಪಠ್ಯಪುಸ್ತಕದವರು ಒಂದನ್ನು ಹಾಕುತ್ತಾರೆ, ಸ್ಮಾರಕದವರು ಇನ್ನೊಂದನ್ನು. ಒಂದು ತೋಪಿನಲ್ಲಿ ಬಿದ್ದ ಹೆಣಗಳನ್ನು ಎಣಿಸಲಾರದಷ್ಟು ಅಶಕ್ತವಾಗಿರಲಿಲ್ಲ ಮೈಸೂರು ಸಂಸ್ಥಾನ. ಆ ಸಂಸ್ಥಾನ ಮರದ ಲೆಕ್ಕ ಇಡುತ್ತಿತ್ತು, ಕೆರೆಯ ಲೆಕ್ಕ ಇಡುತ್ತಿತ್ತು, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ತನ್ನು ಹರಿಸಿತ್ತು. ಮಾದರಿ ಸಂಸ್ಥಾನವೆಂದು ಹೊರಗಿನವರಿಂದ ಹೊಗಳಿಸಿಕೊಂಡಿತ್ತು, ಆ ಹೊಗಳಿಕೆ ಸುಳ್ಳೂ ಆಗಿರಲಿಲ್ಲ. ಅಂಥ ದಕ್ಷ ಆಡಳಿತ ತನ್ನ ಪೊಲೀಸರ ಗುಂಡಿಗೆ ಬಿದ್ದವರ ವಿಷಯದಲ್ಲಿ ಎಲ್ಲರೂ ಒಪ್ಪುವ ಒಂದು ಪಟ್ಟಿಯನ್ನು ಬಿಟ್ಟುಹೋಗಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ವಿಚಾರಣೆ ನಡೆಯಲಿಲ್ಲವೆಂದಲ್ಲ. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸರ್ ವೇಪಾ ರಾಮೇಶಂ ಅವರ ಸಮಿತಿಯನ್ನು ಸರ್ಕಾರ ನೇಮಿಸಿತು. ಗುಂಡು ಹಾರಿಸಿದ್ದು ಸಮರ್ಥನೀಯ ಎಂದು ಸಮಿತಿ ಹೇಳಿತು. ಅಷ್ಟರೊಳಗೆ ಗಾಂಧೀಜಿಯವರ ಸೂಚನೆಯಂತೆ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು, ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದ ಕುದುರಿಸಿದ್ದರು. ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಬಹುದೆಂದಾಯಿತು. ಸತ್ಯಾಗ್ರಹ ಗೆದ್ದಿತು, ಅದರಲ್ಲಿ ಸಂದೇಹವಿಲ್ಲ. ಬಾವುಟದ ತಕರಾರು ಇತ್ಯರ್ಥವಾಯಿತು, ಗುಂಡಿನ ತಕರಾರು ಹಾಗೆಯೇ ಕಡತಕ್ಕೆ ಹೋಯಿತು. ನಮ್ಮಲ್ಲಿ ಆಮೇಲೆ ನಡೆದ ಎಷ್ಟೋ ಚಳವಳಿಗಳ ಹಣೆಬರಹ ಇದೇ. ಬೇಡಿಕೆ ಈಡೇರಿದ ಸಂತೋಷದಲ್ಲಿ, ಬೇಡಿಕೆಗಾಗಿ ನಿಂತವರನ್ನು ಹೊಡೆದದ್ದು ಯಾರು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಮಡಚಿಡುತ್ತಾರೆ.

ವಿದುರಾಶ್ವತ್ಥವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವ ರೂಢಿಯಿದೆ. ಗೌರವದಿಂದಲೇ ಹಾಗೆ ಕರೆಯುತ್ತಾರೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಮೃತಸರದಲ್ಲಿ ಗುಂಡಿಗೆ ಆಜ್ಞೆ ಕೊಟ್ಟವನ ಹೆಸರು ಶಾಲೆಯ ಮಗುವಿಗೂ ಗೊತ್ತು. 1919ರ ನವೆಂಬರಿನಲ್ಲಿ ಲಾಹೋರಿನಲ್ಲಿ ಹಂಟರ್ ಸಮಿತಿಯ ಮುಂದೆ ಜನರಲ್ ಡಯರ್ ಕೂರಬೇಕಾಯಿತು. ಚಿಮನ್‌ಲಾಲ್ ಸೆಟಲ್ವಾಡರಂಥ ಭಾರತೀಯ ಸದಸ್ಯರ ಪ್ರಶ್ನೆಗಳಿಗೆ ಅವನು ಉತ್ತರ ಕೊಟ್ಟ, ದಾರಿ ಅಗಲವಾಗಿದ್ದರೆ ಮೆಷಿನ್‌ಗನ್ನಿನ ಗಾಡಿಗಳನ್ನೂ ಒಳಗೆ ಒಯ್ಯುತ್ತಿದ್ದೆನೆಂಬ ಅರ್ಥದ ಮಾತನ್ನು ತನ್ನ ಬಾಯಿಂದಲೇ ಆಡಿದ. ಅವನನ್ನು ಯಾರೂ ಜೈಲಿಗೆ ಹಾಕಲಿಲ್ಲ. ಹುದ್ದೆ ಬಿಡಿಸಿ ಮನೆಗೆ ಕಳಿಸಿದರು, ಇಂಗ್ಲೆಂಡಿನಲ್ಲಿ ಅವನಿಗಾಗಿ ಚಂದಾ ಎತ್ತಿದರು. ಆದರೂ ಆ ಮಾತು ದಾಖಲೆಯಾಯಿತು, ಸಾಮ್ರಾಜ್ಯದ ಮುಖದ ಮೇಲೆ ಉಳಿಯಿತು. ವಿದುರಾಶ್ವತ್ಥದ ತೋಪಿನಲ್ಲಿ ಆಜ್ಞೆ ಕೊಟ್ಟವರ ಹೆಸರನ್ನು ಈ ಸಭೆಯಲ್ಲಿ ಎಷ್ಟು ಜನ ಹೇಳಬಲ್ಲಿರಿ? ಸತ್ತವರ ಸ್ಮಾರಕಕ್ಕೆ ಹೋಗಿ ಕೈಮುಗಿದು ಬರುವ ನಮ್ಮ ನೆನಪಿನಲ್ಲೇ ಆ ಜಾಗ ಖಾಲಿ.

ಈಗ ಈಸೂರಿಗೆ ಬರುತ್ತೇನೆ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಊರು ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಕಂದಾಯ ಕೊಡುವುದಿಲ್ಲವೆಂದಿತು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿತು, ಊರೊಳಗೆ ಬರುವ ಅಧಿಕಾರಿ ಗಾಂಧಿ ಟೋಪಿ ಹಾಕಿಕೊಂಡು ಬರಬೇಕೆಂದಿತು. ಅಲ್ಲಿಯವರೆಗಿನದು ಸವಿನಯ ಭಂಗದ ಪರಂಪರೆಗೆ ಪೂರ್ತಿ ಸಲ್ಲುತ್ತದೆ. ಊರೊಂದು ತನ್ನ ಸ್ವಾತಂತ್ರ್ಯವನ್ನು ಇಷ್ಟು ಧೈರ್ಯದಿಂದ ಕಲ್ಪಿಸಿಕೊಂಡ ಇನ್ನೊಂದು ಪ್ರಸಂಗ ನನಗೆ ನಮ್ಮ ಚರಿತ್ರೆಯಲ್ಲಿ ಕಾಣುವುದಿಲ್ಲ. ಆದರೆ ಪೊಲೀಸರೊಂದಿಗೆ ಅಧಿಕಾರಿಗಳು ಬಂದ ದಿನ ಘರ್ಷಣೆಯಾಗಿ, ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಜನರ ಕೈಯಲ್ಲಿ ಸತ್ತರು. ಅಲ್ಲಿಗೆ ಸವಿನಯ ಮುಗಿಯಿತು. ಈಸೂರನ್ನು ಪ್ರೀತಿಸುವವರು ಈ ಮಾತನ್ನು ನುಂಗಿಕೊಂಡು ಕಥೆ ಹೇಳಬಾರದು. ಆಮೇಲೆ ಏನಾಯಿತು? ಮೊಕದ್ದಮೆ ನಡೆಯಿತು, ಸಾಕ್ಷಿಗಳು ಬಂದರು, ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಗಲ್ಲಿಗೇರಿಸಿದರು. ಆ ಐವರ ಹೆಸರುಗಳಿವೆ, ತಾರೀಖುಗಳಿವೆ. ವಿದುರಾಶ್ವತ್ಥಕ್ಕೂ ಈಸೂರಿಗೂ ನಡುವೆ ಇರುವುದು ನಾಲ್ಕೂವರೆ ವರ್ಷ, ಸಂಸ್ಥಾನ ಅದೇ. ಜನ ಅಧಿಕಾರಿಯನ್ನು ಕೊಂದಾಗ ದಾಖಲೆ ಇಡಲು ಬರುತ್ತಿದ್ದ ಆಡಳಿತಕ್ಕೆ, ಅಧಿಕಾರಿ ಜನರನ್ನು ಕೊಂದಾಗ ಮಾತ್ರ ಅದು ಕೈಗೂಡಲಿಲ್ಲ.

ಇದೆಲ್ಲ ಅರಸೊತ್ತಿಗೆಯ ಕಾಲದ್ದು, ಸಂವಿಧಾನ ಬಂದಮೇಲೆ ಬದಲಾಗಿದೆ ಎಂದು ನೀವು ಹೇಳಬಹುದು. ಬದಲಾಗಿದೆ, ಬಹಳ ಬದಲಾಗಿದೆ. ಅದನ್ನು ಅಲ್ಲಗಳೆಯುವವರ ಜೊತೆ ನಾನಿಲ್ಲ. ಆದರೆ ಆಮೇಲಿನ ಚರಿತ್ರೆಯನ್ನೂ ನೋಡೋಣ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದಾಗ ತಕ್ಷಣದ ಜಗಳ ಗೇಣಿ ಅಳೆಯುವ ಕೊಳಗದ ಗಾತ್ರದ್ದಾಗಿತ್ತು. ಒಡೆಯರ ಮನೆಯ ಕೊಳಗ ದೊಡ್ಡದು, ಅದರಲ್ಲಿ ಅಳೆದರೆ ಉಳುವವನ ಮನೆಗೆ ಉಳಿಯುವುದು ಕಡಿಮೆ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಯಾದರು. ತಂಡತಂಡವಾಗಿ ನೇಗಿಲು ಹೊತ್ತು ತಮ್ಮನ್ನು ಬಿಡಿಸಿದ್ದ ಗದ್ದೆಗೆ ಇಳಿಯುವುದು, ಉಳುವುದು, ಬಂಧನಕ್ಕೊಳಗಾಗುವುದು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು.

ಲೋಹಿಯಾ ಅಲ್ಲಿಗೆ ನಿಲ್ಲಲಿಲ್ಲ. 1954ರಲ್ಲಿ ಉತ್ತರ ಪ್ರದೇಶದಲ್ಲಿ ಸರ್ಕಾರ ಕಾಲುವೆ ನೀರಿನ ದರ ಏರಿಸಿದಾಗ, ಹೆಚ್ಚುವರಿ ಹಣ ಕೊಡಬೇಡಿ ಎಂದು ಫರೂಕಾಬಾದಿನಲ್ಲಿ ರೈತರಿಗೆ ಹೇಳಿದರು. ಅವರನ್ನು ಹಿಡಿದದ್ದು 1932ರ ಒಂದು ವಿಶೇಷಾಧಿಕಾರ ಕಾಯಿದೆಯ ಕೆಳಗೆ. ಇಸವಿಯನ್ನು ಗಮನಿಸಿ. ಕರನಿರಾಕರಣೆಯ ಕಾಂಗ್ರೆಸ್ಸಿಗರನ್ನು ಬಗ್ಗುಬಡಿಯಲು ಬ್ರಿಟಿಷರು ಮಾಡಿದ್ದ ಕಾಯಿದೆಯನ್ನು, ಆ ಕಾಂಗ್ರೆಸ್ಸಿನವರೇ ಸರ್ಕಾರವಾದಮೇಲೆ, ಅದೇ ಸ್ವಾತಂತ್ರ್ಯ ಹೋರಾಟದಲ್ಲಿ ಲಾಹೋರ್ ಕೋಟೆಯಲ್ಲಿ ಚಿತ್ರಹಿಂಸೆ ತಿಂದು ಬಂದ ಮನುಷ್ಯನ ಮೇಲೆ ಹೂಡಿದರು. ಮೊಕದ್ದಮೆ ಅಲಹಾಬಾದ್ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1960ರ ಜನವರಿಯಲ್ಲಿ ಆ ಕಲಂ ಅಸಿಂಧುವೆಂದು ತೀರ್ಪಾಯಿತು. ಕರ ಕೊಡಬೇಡಿ ಎಂದ ಒಂದು ಮಾತಿನಿಂದ ಮುಂದೆಂದೋ ಕ್ರಾಂತಿಯಾದೀತು ಎಂಬ ಊಹೆ ಸಾಲದು, ಮಾತಿಗೂ ಸಾರ್ವಜನಿಕ ಅಶಾಂತಿಗೂ ಹತ್ತಿರದ, ನೇರವಾದ ಸಂಬಂಧವನ್ನು ಸರ್ಕಾರ ತೋರಿಸಬೇಕು ಎಂದು ನ್ಯಾಯಾಲಯ ಹೇಳಿತು. ಇಂದು ನಾವು ನಿಷೇಧಾಜ್ಞೆಗಳನ್ನು ಪ್ರಶ್ನಿಸುವಾಗ ಕೈಗೆ ಸಿಗುವ ದೊಡ್ಡ ಆಧಾರಗಳಲ್ಲಿ ಇದೊಂದು.

ರೈತ ಚಳವಳಿಯ ಕಾಲವನ್ನು ನೋಡಿದವರು ಈ ಸಭೆಯಲ್ಲಿ ಹಲವರಿದ್ದೀರಿ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಮಲಪ್ರಭಾ ನೀರಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ನೆತ್ತರಿನ ನಂತರ ಹುಟ್ಟಿದ ರಾಜ್ಯ ರೈತ ಸಂಘ ಹಿಡಿದ ದಾರಿ ಬೇರೆಯದು. ಅನುಮತಿಯಿಲ್ಲದೆ ಸರ್ಕಾರಿ ಅಧಿಕಾರಿಗಳು ಗ್ರಾಮ ಪ್ರವೇಶಿಸಕೂಡದೆಂದು ಊರಬಾಗಿಲಲ್ಲಿ ಹಲಗೆ ನೆಟ್ಟರು. ಸಾಲಕ್ಕೆಂದು ಜಪ್ತಿ ಮಾಡಿಕೊಂಡು ಹೋದ ಪಾತ್ರೆ, ಪಂಪ್‌ಸೆಟ್‌ಗಳನ್ನು ಮೆರವಣಿಗೆಯಲ್ಲಿ ಹೋಗಿ ಹಗಲು ಹೊತ್ತಿನಲ್ಲೇ ಮರುಜಪ್ತಿ ಮಾಡಿಕೊಂಡು ಬಂದರು. ಆ ಹಲಗೆಯ ಮಾತಿನಲ್ಲಿ ಅತಿರೇಕ ಕಂಡವರಿದ್ದರು. ನನಗೆ ಅದರಲ್ಲಿ ಕಾಣುವುದು ನ್ಯಾಯವಾದ ಒಂದು ಕೇಳಿಕೆ: ಬರುವವರು ಯಾರೆಂದು ಹೇಳಿ ಬನ್ನಿ, ಏಕೆಂದು ಹೇಳಿ ಬನ್ನಿ.

ಬೆಂಗಳೂರಿನ ಶೇಷಾದ್ರಿ ರಸ್ತೆಯ ಬದಿಯ ಹಳೆಯ ಸೆಂಟ್ರಲ್ ಜೈಲಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿತರಾದ ನಟಿ ಸ್ನೇಹಲತಾ ರೆಡ್ಡಿ ಅಲ್ಲಿ ಸುಮಾರು ಎಂಟು ತಿಂಗಳು ಇದ್ದರು. ಉಬ್ಬಸದ ರೋಗಿ. ತೀರಾ ಹದಗೆಟ್ಟಮೇಲೆ ಪೆರೋಲಿನ ಮೇಲೆ ಬಿಟ್ಟರು, 1977ರ ಜನವರಿ 20ರಂದು ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಲಿಲ್ಲ. ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಅದೇ ದಿನಗಳಲ್ಲಿ ಬೆಂಗಳೂರಿನ ಪೊಲೀಸರು ಮನೆಯಿಂದ ಕರೆದೊಯ್ದರು. ಅಣ್ಣ ಎಲ್ಲಿದ್ದಾನೆಂದು ಹೇಳು ಎಂದು ದಿನಗಟ್ಟಲೆ ಹೊಡೆದರು. ಅವರ ಬಂಧನಕ್ಕೆ ಆ ದಿನಗಳಲ್ಲಿ ಕಾಗದವೇ ಇರಲಿಲ್ಲ. ಎಲ್ಲಿದ್ದಾರೆಂದು ಮನೆಯವರಿಗೆ ತಿಳಿಯಲಿಲ್ಲ. ಚಿತ್ರಹಿಂಸೆ ಮೈಮೇಲೆ ನಡೆಯುವುದಕ್ಕೆ ಮುಂಚೆ ಕಾಗದದಲ್ಲಿ ನಡೆದಿರುತ್ತದೆ. ಬರೆಯದೆ ಬಿಟ್ಟ ಆ ಗಂಟೆಗಳಲ್ಲೇ ಮನುಷ್ಯ ಮುರಿಯುವುದು.

ಆ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಜಾಗವನ್ನು 2008ರಲ್ಲಿ ಫ್ರೀಡಂ ಪಾರ್ಕ್ ಮಾಡಿದರು, ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಉಳಿಸಿಕೊಂಡರು. ಪ್ರತಿಭಟನೆ ಮಾಡುವವರಿಗೆ ಅಲ್ಲೊಂದು ಜಾಗ ಕೊಟ್ಟರು. ಕೊಟ್ಟದ್ದು ಒಳ್ಳೆಯದೇ. ಆದರೆ ಸಂಚಾರ ದಟ್ಟಣೆಯ ದೂರುಗಳು ಹೈಕೋರ್ಟಿನವರೆಗೆ ಹೋದಮೇಲೆ, 2021ರ ಪ್ರತಿಭಟನೆ ಮತ್ತು ಮೆರವಣಿಗೆಗಳ ನಿಯಂತ್ರಣ ಆದೇಶ ಬಂದಮೇಲೆ, ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ ಎಂದಾಯಿತು. ಸಂಬಳಕ್ಕಾಗಿ ದೂರದ ಜಿಲ್ಲೆಗಳಿಂದ ಬಂದ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಅದೇ ಗೋಡೆಗಳ ನಡುವೆ ಕೂರುತ್ತಾರೆ. ರಸ್ತೆಯಲ್ಲಿ ಹೋಗುವವರಿಗೆ ಅವರು ಕಾಣುವುದಿಲ್ಲ. ಆಂಬುಲೆನ್ಸ್ ಸಿಕ್ಕಿಹಾಕಿಕೊಂಡ ರಸ್ತೆಯ ಸಂಕಟ ನನಗೆ ಅರ್ಥವಾಗದೆ ಇಲ್ಲ. ಹಾದಿ ಕಟ್ಟಿ ರೋಗಿಯನ್ನು ಕಾಯಿಸುವುದು ಸತ್ಯಾಗ್ರಹವಲ್ಲ. ಆದರೆ ಸಾರ್ವಜನಿಕ ಬೀದಿಯಲ್ಲಿ ಸಭೆ ಸೇರುವುದನ್ನು ಸರ್ಕಾರ ನಿಯಂತ್ರಿಸಬಹುದು, ಪೂರ್ತಿ ಕಿತ್ತುಕೊಳ್ಳುವಂತಿಲ್ಲ ಎಂದು ಅಹಮದಾಬಾದಿನ ಹಿಮ್ಮತ್‌ಲಾಲ್ ಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1972ರಲ್ಲೇ ಹೇಳಿದೆ. ಒಂದೂಕಾಲು ಕೋಟಿ ದಾಟಿದ ಜನರ ನಗರಕ್ಕೆ ಒಂದೇ ಒಂದು ಆವರಣ ಕೊಡುವುದನ್ನು ನಿಯಂತ್ರಣ ಎಂದು ಒಪ್ಪಲು ನನ್ನಿಂದಾಗದು.

2019ರ ಡಿಸೆಂಬರಿನ ಆ ಮೂರು ದಿನಗಳನ್ನು ನೀವೆಲ್ಲ ಬಲ್ಲಿರಿ. ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ ಪ್ರತಿಭಟನೆಗೆ ಪೊಲೀಸರೇ ಕೆಲವು ಕಡೆ ಅನುಮತಿ ಕೊಟ್ಟಿದ್ದರು. 19ರ ಬೆಳಿಗ್ಗೆಯಿಂದ 21ರ ಮಧ್ಯರಾತ್ರಿಯವರೆಗೆ ಬೆಂಗಳೂರಿನಲ್ಲಿ 144ನೇ ಕಲಂ ಜಾರಿ ಎಂದು ಕಮಿಷನರ ಆದೇಶ ಬಂದು ಆ ಅನುಮತಿಗಳೆಲ್ಲ ರದ್ದಾದವು. ಆದರೂ ಜನ ಟೌನ್‌ಹಾಲಿನ ಮುಂದೆ ಬಂದು ನಿಂತರು. ಇತಿಹಾಸಕಾರ ರಾಮಚಂದ್ರ ಗುಹಾ ಅವರು ಪತ್ರಕರ್ತರೊಡನೆ ಮಾತಾಡುತ್ತಿದ್ದಾಗಲೇ ಪೊಲೀಸರು ತೋಳು ಹಿಡಿದು ಎಳೆದೊಯ್ದದ್ದನ್ನು ದೇಶ ಟಿವಿಯಲ್ಲಿ ಕಂಡಿತು. ಮರುದಿನವೇ ಹೈಕೋರ್ಟು ಸರ್ಕಾರವನ್ನು ಪ್ರಶ್ನಿಸಿತು. 2020ರ ಫೆಬ್ರವರಿ 13ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠ ಆ ನಿಷೇಧಾಜ್ಞೆ ಕಾನೂನುಬಾಹಿರವೆಂದು ತೀರ್ಪು ಕೊಟ್ಟಿತು.

ತೀರ್ಪಿನ ತಿರುಳು ಶಿವಪುರದ ಪ್ರಶ್ನೆಯೇ. ಡಿಸಿಪಿಗಳು ಬರೆದ ಪತ್ರಗಳ ಮಾತನ್ನು ಆದೇಶದಲ್ಲಿ ಇಳಿಸಿಕೊಳ್ಳಲಾಗಿತ್ತು; ಆಜ್ಞೆ ಹೊರಡಿಸುವ ಅಧಿಕಾರಿ ಸ್ವತಃ ಯೋಚಿಸಿ, ಏಕೆ ಬೇಕು ಎಂದು ತನ್ನ ಕಾರಣಗಳನ್ನು ದಾಖಲಿಸಿದ್ದು ಕಾಣಲಿಲ್ಲ. ಅದೇ ವರ್ಷದ ಜನವರಿ 10ರಂದು ಕಾಶ್ಮೀರದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತ್ತು: ಆಜ್ಞೆಯನ್ನು ಪ್ರಕಟಿಸಬೇಕು, ಕಾರಣ ಬರೆಯಬೇಕು, ಕಟ್ಟುಪಾಡು ಅಪಾಯಕ್ಕೆ ತಕ್ಕಷ್ಟೇ ಇರಬೇಕು, ಭಿನ್ನಾಭಿಪ್ರಾಯವನ್ನು ಅದುಮಲು ಈ ಕಲಮನ್ನು ಬಳಸಬಾರದು. 2024ರ ಜುಲೈ 1ರಿಂದ 144 ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 163 ಬಂದಿದೆ. ಸಂಖ್ಯೆ ಬದಲಾದರೂ ಕಾರಣ ಬರೆಯುವ ಹೊಣೆ ಹಾಗೆಯೇ ಇದೆ. ಆದರೆ ತೀರ್ಪು ಬಂದದ್ದು ಎಂಟು ವಾರದ ಮೇಲೆ. ಅಷ್ಟರಲ್ಲಿ ಆ ಮೂರು ದಿನಗಳು ಕಳೆದುಹೋಗಿದ್ದವು, ಜನರನ್ನು ಬಸ್ಸು ಹತ್ತಿಸಿ ಇಳಿಸಿ ಆಗಿತ್ತು. ಕಾನೂನುಬಾಹಿರ ಆಜ್ಞೆ ತನ್ನ ಕೆಲಸ ಮುಗಿಸಿಕೊಂಡೇ ಕಾನೂನುಬಾಹಿರವಾಯಿತು. ಇಂಥ ಪ್ರಕರಣಗಳನ್ನು ಆಜ್ಞೆ ಜಾರಿಯಲ್ಲಿರುವಾಗಲೇ ಇತ್ಯರ್ಥ ಮಾಡುವ ಕ್ರಮವೊಂದು ನಮಗೆ ಬೇಕೇ ಬೇಕು.

ಅದೇ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಮ್ಯಾಜಿಸ್ಟೀರಿಯಲ್ ವಿಚಾರಣೆಯನ್ನು ನೆರೆಯ ಉಡುಪಿಯ ಜಿಲ್ಲಾಧಿಕಾರಿಗೆ ಒಪ್ಪಿಸಿದರು. ಆ ಅಧಿಕಾರಿಯ ಪ್ರಾಮಾಣಿಕತೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗುಂಡು ಹಾರಿಸಿದ ಸರ್ಕಾರ ತನ್ನದೇ ಅಧಿಕಾರಿಯನ್ನು ಕೂರಿಸಿ ಗುಂಡಿನ ವಿಚಾರಣೆ ನಡೆಸುವುದರಲ್ಲಿ 1938ಕ್ಕೂ 2019ಕ್ಕೂ ಏನು ಅಂತರವಾಯಿತು? ಅಂದು ಕನಿಷ್ಠ ಒಬ್ಬ ನಿವೃತ್ತ ನ್ಯಾಯಮೂರ್ತಿಯನ್ನು ಹೊರರಾಜ್ಯದಿಂದ ಕರೆಸಿದ್ದರು.

ಸ್ವತಂತ್ರ ವಿಚಾರಣೆಗೆ ದಾರಿಯೇ ಇಲ್ಲವೇ ಎಂದರೆ, ಕಾಗದದ ಮೇಲೆ ಇದೆ. ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ 1996ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳನ್ನು ಕೊಟ್ಟಿತು. ಅದರಲ್ಲೊಂದು ಪೊಲೀಸ್ ದೂರು ಪ್ರಾಧಿಕಾರ. ರಾಜ್ಯದ ಮಟ್ಟದಲ್ಲಿ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಜಿಲ್ಲೆಯಲ್ಲಿ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅದರ ಮುಖ್ಯಸ್ಥರಾಗಿರಬೇಕು ಎಂಬುದು ನಿರ್ದೇಶನ. ಕರ್ನಾಟಕ ತನ್ನ ಪೊಲೀಸ್ ಕಾಯಿದೆಗೆ 2012ರಲ್ಲಿ ತಿದ್ದುಪಡಿ ತಂದಿತು. ಇಂಥ ಪ್ರಾಧಿಕಾರ ತಮ್ಮ ಜಿಲ್ಲೆಯಲ್ಲಿ ಎಲ್ಲಿ ಕೂರುತ್ತದೆ, ಅದಕ್ಕೆ ದೂರು ಬರೆಯುವುದು ಹೇಗೆ ಎಂದು ಪಂಚಾಯ್ತಿ ಸದಸ್ಯರನ್ನು ಕೇಳಿ ನೋಡಿ, ವಕೀಲರನ್ನೇ ಕೇಳಿ ನೋಡಿ. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಲೋಕಾಯುಕ್ತವನ್ನು ಬಲ್ಲರು, ಮಾನವ ಹಕ್ಕುಗಳ ಆಯೋಗವನ್ನು ಬಲ್ಲರು, ಇದನ್ನು ಅರಿಯರು. ಠಾಣೆಯ ವಿರುದ್ಧದ ದೂರನ್ನು ಠಾಣೆಗೇ ಹೋಗಿ ಕೊಡಬೇಕೆಂದು ಇಂದಿಗೂ ನಂಬಿರುವ ಹಳ್ಳಿಗಳಿವೆ.

ಇದರ ಮೇಲೆ ಪೂರ್ವಾನುಮತಿಯ ಗೋಡೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಒಪ್ಪಿಗೆ ಬೇಕೆಂದು 1963ರ ಕರ್ನಾಟಕ ಪೊಲೀಸ್ ಕಾಯಿದೆಯ 170ನೇ ಕಲಂ ಹೇಳುತ್ತದೆ. ಬೆಂಗಳೂರಿನಿಂದಲೇ ಹೋದ ಒಂದು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಈ ರಕ್ಷಣೆಯನ್ನು ಎತ್ತಿಹಿಡಿಯಿತು. ಕೃತ್ಯಕ್ಕೂ ಕರ್ತವ್ಯಕ್ಕೂ ಸಂಬಂಧವಿದ್ದರೆ, ಮಿತಿ ಮೀರಿದ್ದರೂ ಪೂರ್ವಾನುಮತಿ ಬೇಕು ಎಂದಿತು. ಸುಳ್ಳು ಮೊಕದ್ದಮೆಗಳಿಂದ ಪೇದೆಯನ್ನು ಕಾಪಾಡಬೇಕಾದ್ದು ನಿಜ. ಆದರೆ ಪೂರ್ವಾನುಮತಿಗೆ ಕಾಲಮಿತಿ ಇರಲಿ, ನಿರಾಕರಿಸಿದರೆ ಆ ನಿರಾಕರಣೆಗೂ ಕಾರಣ ಬರೆಯಲಿ. ತನ್ನನ್ನು ಹಿಡಿಯಲು ಯಾರದಾದರೂ ಪೂರ್ವಾನುಮತಿ ಬೇಕೆಂದು ಸತ್ಯಾಗ್ರಹಿ ಕೇಳಿರುವುದಿಲ್ಲ.

ಪೇದೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ಕರ್ನಾಟಕದ ಪೊಲೀಸ್ ಸಿಬ್ಬಂದಿ ಮುಂಚಿತವಾಗಿ ಸಾರಿದ್ದರು. ಅವರ ಬೇಡಿಕೆ ವಾರದ ರಜೆ, ಕೆಲಸಕ್ಕೆ ತಕ್ಕ ಸಂಬಳ, ಮೇಲಧಿಕಾರಿಗಳ ಕಿರುಕುಳದಿಂದ ಬಿಡುಗಡೆ. ಅಧಿಕಾರಿಗಳ ಮನೆಯ ನಾಯಿ ತಿರುಗಿಸುವ, ತರಕಾರಿ ತರುವ ಆರ್ಡರ್ಲಿ ಚಾಕರಿಯ ಅವಮಾನ ಅವರೊಳಗೆ ಬಹಳ ಕಾಲದಿಂದ ಕುದಿಯುತ್ತಿತ್ತು. ಸರ್ಕಾರ ಎಸ್ಮಾ ಹೇರಿತು, ಕರೆ ಕೊಟ್ಟ ಸಂಘದ ಮುಖಂಡರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಿತು. ಆ ದಿನ ರಜೆ ಹಾಕಿದವರು ಕಡಿಮೆ. ಸಂಘ ಕಟ್ಟಲು, ಮಾತಾಡಲು ಪೊಲೀಸರಿಗಿರುವ ಹಕ್ಕನ್ನು 1966ರ ಒಂದು ಕೇಂದ್ರ ಕಾಯಿದೆ ಮೊದಲೇ ಮೊಟಕುಗೊಳಿಸಿದೆ. ನಮ್ಮ ಎದುರಿಗೆ ಲಾಠಿ ಹಿಡಿದು ನಿಲ್ಲುವವನು ಹದಿನಾಲ್ಕು ಗಂಟೆ ಬಂದೋಬಸ್ತ್ ಮಾಡಿ, ಊಟದ ಪೊಟ್ಟಣ ಬಾರದೆ ನಿಂತವನಾಗಿರಬಹುದು. ತನ್ನ ದೂರಿಗೆ ಎಲ್ಲಿಯೂ ಕಿವಿಯಿಲ್ಲದವನು ನಮ್ಮ ದೂರಿಗೆ ಕಿವಿಗೊಡಲಿ ಎಂದು ನಾವು ಕೇಳುತ್ತಿದ್ದೇವೆ. ಅವನ ವಾರದ ರಜೆಗಾಗಿ ನಾಗರಿಕ ಸಂಘಟನೆಗಳು ಬೀದಿಗಿಳಿದದ್ದನ್ನು ನಾನು ಕಂಡಿಲ್ಲ. ಇಳಿಯಬೇಕಿತ್ತು. ಮೇಲಿನಿಂದ ಬಂದ ಬಾಯಿಮಾತಿನ ಆಜ್ಞೆಯಿಂದ ಮೊದಲು ಬಲಿಯಾಗುವವನು ಅವನೇ: ಹೊಡಿ ಎಂದವರ ಹೆಸರು ಎಲ್ಲೂ ಇರುವುದಿಲ್ಲ, ಹೊಡೆದವನ ಮುಖ ಮೊಬೈಲಿನಲ್ಲಿರುತ್ತದೆ. ಆಜ್ಞೆ ಬರಹದಲ್ಲಿರಲಿ ಎಂದು ನಾವು ಕೇಳುವುದು ಅವನ ರಕ್ಷಣೆಗೂ ಬೇಕಾದದ್ದು.

ಹಾಗಾದರೆ ಊರಿನಲ್ಲಿರುವ ನಾವು ಏನು ಮಾಡಬಹುದು? ಸುಪ್ರೀಂ ಕೋರ್ಟು ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್ 18ರಂದು ಹನ್ನೊಂದು ನಿಯಮಗಳನ್ನು ಕೊಟ್ಟಿತು. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರು ಮತ್ತು ಹುದ್ದೆ ಓದುವಂತಿರಬೇಕು. ಬಂಧಿಸಿದ ಸಮಯ, ದಿನ ಬರೆದ ಪತ್ರ ಇರಬೇಕು. ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕು. ಮೈಮೇಲಿನ ಗಾಯಗಳನ್ನು ಬಂಧನದ ಹೊತ್ತಿನಲ್ಲೇ ಗುರುತು ಹಾಕಬೇಕು, 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಇವುಗಳಲ್ಲಿ ಮುಖ್ಯವಾದವು ಈಗ ಕಾಯಿದೆಯ ಭಾಗ, ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲಿವೆ. ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಠಾಣೆಯಲ್ಲಿ ಕಾಣುವಂತೆ ಹಾಕಬೇಕೆಂದು 37ನೇ ಕಲಂ ಹೇಳುತ್ತದೆ. ಠಾಣೆಯ ಬಾಗಿಲು, ಲಾಕಪ್ಪು, ಪಡಸಾಲೆ ಎಲ್ಲೆಡೆ ಕ್ಯಾಮೆರಾ ಇರಬೇಕು, ಚಿತ್ರಿಕೆಯನ್ನು ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಉಳಿಸಬೇಕು ಎಂಬುದು 2020ರ ಡಿಸೆಂಬರ್ 2ರ ತೀರ್ಪು. ಯಾರಿಗಾದರೂ ಏಟು ಬಿದ್ದರೆ ಆ ದಿನಾಂಕದ ಚಿತ್ರಿಕೆಯನ್ನು ಅಳಿಸದೆ ಕಾದಿಡಿ ಎಂದು ಲಿಖಿತ ಮನವಿ ಕೊಡಿ, ಹಿಂಬರಹ ಪಡೆಯಿರಿ. ವಾರಗಟ್ಟಲೆ ತಡಮಾಡಬೇಡಿ.

36ನೇ ಕಲಮಿನಲ್ಲಿರುವ ಒಂದು ಅಂಶವನ್ನು ನಾವು ಬಳಸುವುದು ಬಹಳ ಕಡಿಮೆ. ಬಂಧನ ಪತ್ರಕ್ಕೆ ಸಾಕ್ಷಿಯ ಸಹಿ ಬೇಕು. ಆ ಸಾಕ್ಷಿ ಬಂಧಿತನ ಮನೆಯವರಾಗಿರಬೇಕು, ಇಲ್ಲವೇ ಬಂಧನವಾದ ಸ್ಥಳದ ಗೌರವಾನ್ವಿತ ವ್ಯಕ್ತಿಯಾಗಿರಬೇಕು. ಊರಿನ ನಿವೃತ್ತ ಮೇಷ್ಟ್ರು, ಅಂಗಡಿಯವರು, ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಯಾರಾದರೂ ಆಗಬಹುದು. ಇದನ್ನು ಬಹಳ ಸಲ ಠಾಣೆಯ ಸುತ್ತ ಸದಾ ಸಿಗುವ, ಓದದೆ ಸಹಿ ಹಾಕುವ ಕಾಯಂ ಪಂಚರಿಂದ ಮುಗಿಸುತ್ತಾರೆ. ಪ್ರತಿ ಊರಿನಲ್ಲೂ, ಪ್ರತಿ ವಾರ್ಡಿನಲ್ಲೂ ಹತ್ತು ಜನ ಸಹಿ ಹಾಕಲು ಬರುತ್ತೇವೆಂದು ತಮ್ಮ ಹೆಸರು, ಫೋನ್ ನಂಬರುಗಳನ್ನು ಬರೆದು ಠಾಣಾಧಿಕಾರಿಗೆ ಕೊಡಲಿ, ಒಂದು ಪ್ರತಿಯನ್ನು ಪೊಲೀಸ್ ವರಿಷ್ಠಾಧಿಕಾರಿಗಳಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಗೂ ಕಳಿಸಲಿ. ಹಿಡಿದವರು ಯಾವ ಪಕ್ಷದವರು, ಯಾವ ಜಾತಿಯವರು, ಯಾವ ಧರ್ಮದವರು, ಅವರ ಬೇಡಿಕೆ ನಮಗೆ ಒಪ್ಪಿಗೆಯೇ ಎಂದು ಈ ಹತ್ತು ಜನ ಕೇಳಬಾರದು. ಕರೆ ಬಂದಾಗ, ಅದು ರಾತ್ರಿಯೇ ಆಗಿರಲಿ, ಹೊರಡಬೇಕು. ಹೆಂಗಸರನ್ನು ಹಿಡಿದಿದ್ದರೆ ಹೆಂಗಸರು ಹೋಗಬೇಕು. ಬಂಧಿತನನ್ನು ಕಣ್ಣಾರೆ ನೋಡಬೇಕು, ಅವನೊಡನೆ ಮಾತಾಡಬೇಕು, ಪತ್ರದಲ್ಲಿ ಬರೆದ ಹೊತ್ತೂ ಅವನನ್ನು ಹಿಡಿದ ಹೊತ್ತೂ ಒಂದೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಸಹಿ ಹಾಕಬೇಕು; ಹೊತ್ತು ತಾಳೆಯಾಗದಿದ್ದರೆ ಆ ವ್ಯತ್ಯಾಸವನ್ನು ಸಹಿಯ ಪಕ್ಕದಲ್ಲೇ ಬರೆಯಬೇಕು.